ಬನ್ಸ್‌ನ ನಾಲ್ಕು ಕಾಲಿನ ಫೈಲು

ಇವತ್ತು ಬೆಳಿಗ್ಗೆ ತರಕಾರಿ ಚೀಲ ಹಿಡಿದುಕೊಂಡು ಲಿಫ್ಟಿನಲ್ಲಿ ಇಳಿಯುತ್ತಿದ್ದಾಗ ನನ್ನ ಕಾಲ ಬಳಿ ಒಂದು ಸದ್ದು ಶುರುವಾಯಿತು. ಚಪ್, ಚಪ್, ಚಪ್. ಸ್ವಲ್ಪ ಬಿಡುವು. ಮತ್ತೆ ಚಪ್, ಚಪ್. ನೀವು ನಾಯಿ ಸಾಕಿದವರಾದರೆ ಈ ಸದ್ದನ್ನು ನಾನು ವರ್ಣಿಸಬೇಕಾಗಿಲ್ಲ. ಸಾಕದವರಾದರೆ, ಮದುವೆ ಊಟದಲ್ಲಿ ಪಕ್ಕದ ಎಲೆಯವರು ಪಾಯಸವನ್ನು ಕೈಯಲ್ಲೇ ಬಳಿದು ಮುಗಿಸುವ ಸದ್ದು ಕೇಳಿದ್ದೀರಲ್ಲ, ಹೆಚ್ಚುಕಡಿಮೆ ಅದೇ. ಮೇಲಿನ ಮನೆಗೆ ಹೊಸದಾಗಿ ಬಂದಿರುವ ರಿತಿಕಾ ಎಂಬ ಹುಡುಗಿ ತನ್ನ ನಾಯಿಯ ಪಟ್ಟಿ ಹಿಡಿದು ನಿಂತಿದ್ದಳು. ನಾಯಿ ಲಿಫ್ಟಿನ ನಟ್ಟನಡುವೆ ಕೂತು, ಲೋಕವೆಲ್ಲ ಮರೆತು, ತನ್ನ ಮುಂಗಾಲನ್ನು ತಾನೇ ನೆಕ್ಕುತ್ತ, ನಡುನಡುವೆ ಮುಂಬಲ್ಲಿನಲ್ಲಿ ಕಡಿಯುತ್ತ ಇತ್ತು.

“ಆಂಟೀ, ಯೇ ಐಸಾ ಕ್ಯೋಂ ಕರ್ತಾ ಹೈ?” ಎಂದಳು ಆಕೆ. ಯಾಕೆ ಹೀಗೆ ಮಾಡ್ತಾನೆ?

ಈ ಪ್ರಶ್ನೆಗೆ ನನ್ನ ಬಳಿ ಉತ್ತರವಿದೆ. ಆದರೆ ಅದನ್ನು ಹೇಳಿ ಮುಗಿಸಲು ನಲವತ್ತು ಮಹಡಿಯಾದರೂ ಬೇಕು, ನಮ್ಮ ಜನಕಪುರಿಯ ಕಟ್ಟಡಕ್ಕಿರುವುದು ನಾಲ್ಕೇ. ಬಾಯಿ ತೆರೆಯುವಷ್ಟರಲ್ಲಿ ಕೆಳಗೆ ಬಂದಾಗಿತ್ತು. “ಸಂಜೆ ನಿಮ್ಮ ಮನೆಗೇ ಬರ್ತೇನೆ” ಎಂದು ಹೇಳಿ ತರಕಾರಿಯವನ ಗಾಡಿಯತ್ತ ಹೋದೆ. ಹೋದವಳು ಬೆಂಡೆಕಾಯಿ ಆರಿಸುತ್ತ ಒಬ್ಬಳೇ ನಕ್ಕೆ. ತರಕಾರಿ ಭಯ್ಯಾ ನನ್ನ ಮುಖ ನೋಡಿ, ಕೇಳದೆಯೇ ಎರಡು ಹಸಿಮೆಣಸಿನಕಾಯಿ ಜಾಸ್ತಿ ಹಾಕಿದ. ಅವನು ಏನೆಂದುಕೊಂಡನೋ ಕಾಣೆ.

ಆ ಉತ್ತರ ಏಳೆಂಟು ವರ್ಷದ ಹಿಂದಿನ ಮಾತು. ಅದಕ್ಕೆ ಮೊದಲು ನಮ್ಮ ಪರಿಚಯ ಹೇಳಬೇಕು. ದೆಹಲಿಯ ಕನ್ನಡಿಗರಲ್ಲಿ ನನ್ನ ಲೆಕ್ಕದಲ್ಲಿ ಎರಡು ಪಂಗಡ: ಫೈಲಿನವರು ಮತ್ತು ಇಡ್ಲಿಯವರು. ನಾನು ಫೈಲಿನವಳು. ಅಪ್ಪ ಕೇಂದ್ರ ಸರ್ಕಾರದ ಗುಮಾಸ್ತರಾಗಿದ್ದರು, ನಾನೂ ಅದೇ ಸರ್ಕಾರದ ಇನ್ನೊಂದು ಭವನದಲ್ಲಿ ಗುಮಾಸ್ತೆ. ನಮ್ಮವರು ಇಡ್ಲಿಯವರು. ಕುಂದಾಪುರದ ಕಡೆಯಿಂದ ಬಂದ ಮಾವನವರು ಕರೋಲ್ ಬಾಗಿನಲ್ಲಿ ತೆರೆದ ಹೋಟೆಲನ್ನು ಈಗ ನಮ್ಮವರು ನಡೆಸುತ್ತಾರೆ. ಎರಡು ಪಂಗಡದ ನಡುವೆ ಮದುವೆಯಾದರೆ ಏನಾಗುತ್ತದೆಂದರೆ, ಮನೆಯಲ್ಲಿ ಯಾವ ಸಮಸ್ಯೆ ಬಂದರೂ ಒಬ್ಬರು ಅದನ್ನು ಬರೆದಿಡಬೇಕು ಎನ್ನುತ್ತಾರೆ, ಇನ್ನೊಬ್ಬರು ಮೊದಲು ಏನಾದರೂ ತಿನ್ನೋಣ ಎನ್ನುತ್ತಾರೆ. ತಿನ್ನುವವರೇ ಗೆಲ್ಲುತ್ತಾರೆ.

ಮನೆಯ ಹಿರಿಯರು ಅತ್ತೆ. ಹೋಟೆಲಿನ ಮೊದಲ ವರ್ಷಗಳಲ್ಲಿ ಹಿಟ್ಟು ರುಬ್ಬಿ, ಪಾತ್ರೆ ಬೆಳಗಿ, ನೆಲ ತೊಳೆದು ಅದನ್ನು ನಿಲ್ಲಿಸಿದವರು. ಮಡಿಯ ಹೆಂಗಸು. ಮನೆಯೊಳಗೆ ಚಪ್ಪಲಿ ಎಂಬ ಮಾತೇ ಇಲ್ಲ, ದೆಹಲಿಯ ಡಿಸೆಂಬರಿನಲ್ಲೂ ಇಲ್ಲ. ಪಾತ್ರೆಗೆ, ಬಟ್ಟೆಗೆ ಕೆಲಸದವಳು ಬರುತ್ತಿದ್ದಳು. ನೆಲಕ್ಕೆ ಮಾತ್ರ ಅತ್ತೆಯೇ. ಬೇರೆಯವರು ತೊಳೆದ ನೆಲ ಅವರ ಕಣ್ಣಿಗೆ ತೊಳೆದ ಹಾಗೆ ಕಾಣಿಸುತ್ತಲೇ ಇರಲಿಲ್ಲ.

ಇಂಥ ಮನೆಗೆ ಒಂದು ಮಳೆಗಾಲದ ಸಂಜೆ ನಮ್ಮ ಒಬ್ಬಳೇ ಮಗಳು ಮಿನು, ಆಗ ಒಂಬತ್ತು ವರ್ಷ, ಪಾರ್ಕಿನಿಂದ ಒಂದು ಬೀದಿನಾಯಿಯ ಮರಿಯನ್ನು ಫ್ರಾಕಿನಲ್ಲಿ ಸುತ್ತಿಕೊಂಡು ತಂದಳು. ಕಂದು ಬಣ್ಣ, ಗುಂಡಗೆ, ಹೊಟ್ಟೆ ಉಬ್ಬಿಕೊಂಡಿತ್ತು. ನಮ್ಮವರು ನೋಡಿದ್ದೇ, “ಅರೆ, ಈಗಷ್ಟೇ ಎಣ್ಣೆಯಿಂದ ತೆಗೆದ ಬನ್ಸ್ ಇದ್ದ ಹಾಗಿದೆಯಲ್ಲ!” ಎಂದರು. ಬಾಳೆಹಣ್ಣು ಕಲಸಿ ಕರಿಯುವ ನಮ್ಮ ಕಡೆಯ ಬನ್ಸ್ ಅವರ ಹೋಟೆಲಿನ ಹೆಮ್ಮೆ. ಹೀಗೆ ಹೆಸರಿಟ್ಟಾಯಿತು. ನೆರೆಹೊರೆಯ ಪಂಜಾಬಿಗಳಿಗೆ ಆ ಹೆಸರು ಸರಿಹೋಗದೆ ಅವರು ಅವನನ್ನು ಬಂಟಿ ಮಾಡಿಕೊಂಡರು. ಅವನು ಎರಡಕ್ಕೂ ಬಾಲ ಅಲ್ಲಾಡಿಸುತ್ತಿದ್ದ.

ಅತ್ತೆ ಅವನಿಗೆ ಬಾಲ್ಕನಿ ಮಂಜೂರು ಮಾಡಿದರು. ಒಳಗೆ ಪ್ರವೇಶವಿಲ್ಲ. ಅತ್ತೆಗೆ ಹಿಂದಿ ಅಷ್ಟಕ್ಕಷ್ಟೇ, ಆದ್ದರಿಂದ ಮರಿಯನ್ನು ದಿನವಿಡೀ ಗದರಿದ್ದೆಲ್ಲ ಕನ್ನಡದಲ್ಲಿ. “ಹೋಗಾಚೆ” ಎಂಬುದು ಅವನು ಕಲಿತ ಮೊದಲ ಮಾತು. ಆಮೇಲೆ “ಬಾ ಇಲ್ಲಿ”, “ಕೂತ್ಕೊ”, “ಮುಟ್ಟಬೇಡ ಮಾರಾಯ.” ಮೂರು ತಿಂಗಳಲ್ಲಿ ಬನ್ಸ್‌ಗೆ ಕನ್ನಡ ಬಿಟ್ಟು ಬೇರೆ ಭಾಷೆಯೇ ತಿಳಿಯದಂತಾಯಿತು. ಪಾರ್ಕಿನಲ್ಲಿ ಮಿನು ಹಿಂದಿಯಲ್ಲಿ ಎಷ್ಟು ಕೂಗಿದರೂ ಅವನು ತಿರುಗಿ ನೋಡುತ್ತಿರಲಿಲ್ಲ. ಅಲ್ಲಿಯವರೆಗೆ ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲಿ ಉತ್ತರಿಸುತ್ತಿದ್ದ ನನ್ನ ಮಗಳು, ನಾಯಿಯ ಸಲುವಾಗಿ ಅಜ್ಜಿಯ ಹಿಂದೆ ಓಡಾಡಿ, “ಅಜ್ಜಿ, ‘ರುಕ್’ಗೆ ಏನು ಹೇಳ್ಬೇಕು?” ಎಂದು ಕೇಳತೊಡಗಿದಳು. ನಾನು ಒಂಬತ್ತು ವರ್ಷ ಹೆಣಗಿ ಸೋತ ಕೆಲಸವನ್ನು ಒಂದು ಬೀದಿನಾಯಿ ಒಂದು ಚಳಿಗಾಲದಲ್ಲಿ ಮಾಡಿ ಮುಗಿಸಿತು. ನನಗೆ ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು. ಸಂತೋಷವೇ ಹೆಚ್ಚು ಎನ್ನಿ.

ಮುಂದಿನ ಬೇಸಿಗೆ ಬಂತು. ದೆಹಲಿಯ ಜೂನ್ ತಿಂಗಳ ಬಾಲ್ಕನಿಯಲ್ಲಿ ಹಪ್ಪಳ ಒಣಗಿಸಬಹುದು, ನಾಯಿ ಇಡಲಾಗುವುದಿಲ್ಲ. ಅತ್ತೆಗೂ ಅದು ಗೊತ್ತು. ಎರಡು ದಿನ ಬಾಗಿಲ ಗಾಜಿನಾಚೆ ನಾಲಿಗೆ ಚಾಚಿ ಕೂತವನನ್ನು ನೋಡಿ ಮೂರನೆಯ ದಿನ ತಾವೇ ಬಾಗಿಲು ತೆಗೆದರು. ಷರತ್ತು ಇಷ್ಟೇ: ಹಾಲ್ ಅವನದು, ಅಡುಗೆಮನೆ ಮತ್ತು ದೇವರ ಮೂಲೆ ಅವನದಲ್ಲ. ಜೊತೆಗೆ ನಾಯಿ ಓಡಾಡುವ ಮನೆ ಅಂದಮೇಲೆ ನೆಲ ದಿನಕ್ಕೆ ಎರಡು ಸಲ ತೊಳೆಯಬೇಕು.

ಆಗಸ್ಟಿನ ಹೊತ್ತಿಗೆ ಆ ಸದ್ದು ಶುರುವಾಯಿತು.

ಮೊದಮೊದಲು ಅದನ್ನು ಚೊಕ್ಕಟದ ಅಭ್ಯಾಸ ಎಂದುಕೊಂಡೆವು. ಮಡಿಯ ಮನೆಯ ನಾಯಿ, ಕೈಕಾಲು ತೊಳೆದುಕೊಳ್ಳುತ್ತಿದೆ ಎಂದು ನಾನು ಆಫೀಸಿನಲ್ಲಿ ಜಂಬ ಕೊಚ್ಚಿದೆ ಕೂಡ. ಆಮೇಲೆ ನೋಡಿದರೆ ಬೆರಳ ಸಂದಿಯ ಕೂದಲು ಜೊಲ್ಲಿಗೆ ಕೆಂಪು ತಿರುಗಿ ಇಟ್ಟಿಗೆ ಬಣ್ಣವಾಗಿತ್ತು. ಚರ್ಮ ಊದಿತ್ತು. ಹಾಲ್‌ ತುಂಬ ಒದ್ದೆ ಹೆಜ್ಜೆ, ಕೂದಲು. ನಮ್ಮವರು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಬನ್ಸ್‌ನ ಪಾದವನ್ನು ಮೂಗಿಗೆ ಹಿಡಿದು ಮೂಸಿ, ಕಣ್ಣು ಮುಚ್ಚಿ, “ಹಿಟ್ಟು ಹುಳಿ ಬಂದಿದೆ” ಎಂದು ತೀರ್ಪು ಕೊಟ್ಟರು. ನಿಜವಾಗಿಯೂ ಎರಡು ದಿನದ ದೋಸೆ ಹಿಟ್ಟಿನ ವಾಸನೆಯೇ ಇತ್ತು. ಹೋಟೆಲಿನವರ ಬುದ್ಧಿ ಹೋಟೆಲಿಗೇ ಹೋಗುತ್ತದೆ ಎಂದು ನಾನೂ ಮಿನುವೂ ಬಿದ್ದು ಬಿದ್ದು ನಕ್ಕೆವು.

ಒಂದು ನಾಯಿ ಕಾಲು ನೆಕ್ಕಿಕೊಳ್ಳುತ್ತದೆ ಎಂದು ಗೊತ್ತಾದರೆ ಸಾಕು, ಊರಿನಲ್ಲಿ ಎಷ್ಟು ಜನ ವೈದ್ಯರಿದ್ದಾರೆ ಎಂದು ತಿಳಿಯುತ್ತದೆ. ನನ್ನ ಪಕ್ಕದ ಮೇಜಿನ ಶರ್ಮಾಜಿ ಇದು ದೃಷ್ಟಿ, ಕಾಲಿಗೆ ಕಪ್ಪು ದಾರ ಕಟ್ಟಿ ಎಂದರು. ಕಟ್ಟಿದೆ. ಸಂಜೆಯೊಳಗೆ ಬನ್ಸ್ ಅದನ್ನು ತಿಂದ. ಕೆಳಗಿನ ಮನೆಯವರು ಬೇಜಾರಿನಿಂದ ಹೀಗೆ ಮಾಡುತ್ತವೆ, ಆಟದ ಸಾಮಾನು ಕೊಡಿ ಎಂದರು. ಚೆಂಡು ತಂದೆವು. ಅವನು ಚೆಂಡನ್ನು ಎರಡು ಮುಂಗಾಲುಗಳ ನಡುವೆ ಜೋಪಾನವಾಗಿ ಹಿಡಿದುಕೊಂಡು ಕಾಲನ್ನೇ ನೆಕ್ಕಿದ. ಮಿನು ತನ್ನ ಶಾಲೆಯ ಸಾಕ್ಸ್ ತೊಡಿಸಿದಳು. ಮರುದಿನ ನಾಲ್ಕರಲ್ಲಿ ಮೂರು ಸಿಕ್ಕವು. ನಮ್ಮವರು, “ಇದಕ್ಕೆಲ್ಲ ಚಪಾತಿಯೇ ಕಾರಣ, ನಮ್ಮ ನಾಯಿಗೆ ಗೋಧಿ ಆಗುವುದಿಲ್ಲ” ಎಂದರು. ಕನ್ನಡ ಬರುವ ಮಾತ್ರಕ್ಕೆ ಅವನು ಕರಾವಳಿಯವನಾಗುತ್ತಾನೆಯೇ ಎಂದು ನಾನು ಕೇಳಿದೆ.

ಅತ್ತೆಯ ಮದ್ದು ಮಾತ್ರ ನಿಮಗೂ ಗೊತ್ತಿರುವಂಥದೇ. ತೆಂಗಿನೆಣ್ಣೆ, ಅರಿಶಿನ. ತಲೆನೋವಿಗೂ ಅದೇ, ಸುಟ್ಟ ಗಾಯಕ್ಕೂ ಅದೇ, ಬಾಗಿಲ ಕೀಲು ಕಿರುಗುಟ್ಟಿದರೂ ಅರಿಶಿನ ಬಿಟ್ಟು ಅದೇ. ಊರಿನ ಗಾಣದ ಎಣ್ಣೆಯಲ್ಲಿ ಅರಿಶಿನ ಕಲಸಿ, “ಅಯ್ಯೋ ಪಾಪದ್ದು, ಕಾಲು ಕೊಡು” ಎಂದು ಸೆರಗು ಸಿಕ್ಕಿಸಿ ಕೂತು ನಾಲ್ಕೂ ಪಾದಕ್ಕೆ ಹಚ್ಚಿದರು. ಮುಟ್ಟಬಾರದು ಎಂದವರೇ ಮುಟ್ಟಿದರು. ಅವರು ಆಮೇಲೆ ಸ್ನಾನ ಮಾಡಿದರು, ಅದು ಬೇರೆ ವಿಷಯ.

ಜನಕಪುರಿಯ ಕಸದ ಬುಟ್ಟಿಗಳ ಪಕ್ಕ ಹುಟ್ಟಿದ ಜೀವ ಅದು. ಗಾಣದ ತೆಂಗಿನೆಣ್ಣೆಯ ರುಚಿ ಕಂಡದ್ದೇ ತಡ, ಬನ್ಸ್ ಕಣ್ಣರಳಿಸಿದ. ಅಲ್ಲಿಯವರೆಗೆ ತುರಿಕೆಗಾಗಿ ನೆಕ್ಕುತ್ತಿದ್ದವನು ಈಗ ರುಚಿಗಾಗಿಯೂ ನೆಕ್ಕತೊಡಗಿದ. ಮುಗಿದ ಮೇಲೆ ತಾನೇ ಹೋಗಿ ಅತ್ತೆಯ ಮುಂದೆ ಕೂತು ಮುಂಗಾಲು ಎತ್ತಿ ಕೊಡುತ್ತಿದ್ದ, ಇನ್ನೊಂದು ಸಲ ಬಡಿಸಿ ಎನ್ನುವ ಹಾಗೆ. ಹಾಲ್ ತುಂಬ ಹಳದಿ ಹೆಜ್ಜೆಗಳು. ಹಾಸಿಗೆಯ ಮೇಲೆ ಹಳದಿ ಹೆಜ್ಜೆಗಳು. ನಾನು ಆಫೀಸಿಗೆ ಉಟ್ಟುಹೋದ ಬಿಳಿ ಸೀರೆಯ ಹಿಂಬದಿಯಲ್ಲಿ ಒಂದು ಹಳದಿ ಹೆಜ್ಜೆ ಇತ್ತೆಂದು ಶರ್ಮಾಜಿ ಸಂಜೆ ಐದಕ್ಕೆ ತಿಳಿಸಿದರು.

ಹೆಜ್ಜೆ ಹೆಚ್ಚಾದಷ್ಟೂ ನೆಲ ತೊಳೆಯುವುದು ಹೆಚ್ಚಾಯಿತು. ಎರಡು ಸಲ ಇದ್ದದ್ದು ಮೂರಾಯಿತು. ನಮ್ಮವರು ಹೋಟೆಲಿಗೆ ತರಿಸುವ ದೊಡ್ಡ ಕ್ಯಾನಿನ ಫಿನಾಯಿಲ್ ಮನೆಗೂ ಬರುತ್ತಿತ್ತು. ಅತ್ತೆ ಅಳತೆ ನೋಡಿ ಹಾಕುವವರಲ್ಲ. ಹೋಟೆಲಿನ ಕ್ರಮದಂತೆ ನೆಲಕ್ಕೆ ನೀರು ಹೊಯ್ದು, ಅದರ ಮೇಲೆ ಧಾರಾಳವಾಗಿ ಫಿನಾಯಿಲ್ ಸುರಿದು, ಉದ್ದ ಕೋಲಿನ ರಬ್ಬರ್ ವೈಪರಿನಲ್ಲಿ ಸರ್ರನೆ ತಳ್ಳಿಕೊಂಡು ಬರುತ್ತಿದ್ದರು. ಹಿಂದೆಯೇ ಬನ್ಸ್, ಆ ಒದ್ದೆಯಲ್ಲಿ ತಪತಪ ಹೆಜ್ಜೆಯಿಡುತ್ತ. ನೆಲ ತೊಳೆದದ್ದು ಅವನು ಓಡಾಡಲಿ ಎಂದು, ಅವನು ಓಡಾಡಿದ ಎಂದು ಮತ್ತೆ ತೊಳೆಯುವುದು. ಅತ್ತೆಗೆ ಸುಸ್ತಾಯಿತು. ಒಂದು ಭಾನುವಾರ ವೈಪರನ್ನು ಮೂಲೆಗೆ ಇಟ್ಟು ಹೇಳಿಯೇಬಿಟ್ಟರು.

“ನವರಾತ್ರಿಗೆ ಒಂದು ತಿಂಗಳು ಉಂಟು. ಕಲಶ ಇಡುವ ಮನೆ ಇದು. ಅಷ್ಟರೊಳಗೆ ಇವನ ಈ ನೆಕ್ಕಾಟ ನಿಂತರೆ ಸರಿ. ಇಲ್ಲದಿದ್ರೆ ಗುಪ್ತಾಜಿ ಕೇಳ್ತಿದ್ರಲ್ಲ, ಅವರಿಗೆ ಕೊಟ್ಟುಬಿಡಿ.”

ಗುಪ್ತಾಜಿ ನಮ್ಮವರ ಸ್ನೇಹಿತರು, ಮಾನೇಸರಿನಲ್ಲಿ ಒಂದು ಫ್ಯಾಕ್ಟರಿಯ ಕ್ಯಾಂಟೀನ್ ನಡೆಸುತ್ತಿದ್ದರು. ಅವರ ಉಗ್ರಾಣ ಕಾಯಲು ಒಂದು ನಾಯಿ ಬೇಕಿತ್ತು. ಬನ್ಸ್ ಕಾಯುವುದು! ಅವನು ಜಿರಳೆ ಕಂಡರೆ ನನ್ನ ಹಿಂದೆ ಅಡಗುತ್ತಿದ್ದ. ಮಿನು ಅವತ್ತು ಊಟ ಮಾಡಲಿಲ್ಲ. ಬನ್ಸ್‌ನ ಕೊರಳು ತಬ್ಬಿಕೊಂಡು, “ಮಾನೇಸರಲ್ಲಿ ಯಾರಿಗೂ ಕನ್ನಡ ಬರಲ್ಲ, ಇವನಿಗೆ ಕೌನ್ ಸಮಝೇಗಾ?” ಯಾರು ಅರ್ಥಮಾಡಿಕೊಳ್ಳುತ್ತಾರೆ ಎಂದು ಅತ್ತಳು. ನನಗೂ ಅಳು ಬಂತು. ನಾಯಿ ಹೋದರೆ ನಾಯಿ ಮಾತ್ರ ಹೋಗುವುದಿಲ್ಲ, ನನ್ನ ಮಗಳ ಬಾಯಿಂದ ಈಗಷ್ಟೇ ಬಂದ ಮಾತೂ ಹೋಗುತ್ತದೆ ಎಂದು ಹೆದರಿದೆ.

ಗುಮಾಸ್ತೆ ಹೆದರಿದರೆ ಏನು ಮಾಡುತ್ತಾಳೆ? ಫೈಲು ತೆರೆಯುತ್ತಾಳೆ. ಹಸಿರು ದಾರದ ಒಂದು ಫೈಲಿನ ಮೇಲೆ ದುಂಡಗೆ ಬರೆದೆ: “ವಿಷಯ: ಬನ್ಸ್ ತನ್ನ ಪಾದಗಳನ್ನು ಕಡಿದುಕೊಳ್ಳುತ್ತಿರುವ ಬಗ್ಗೆ.” ದಿನಕ್ಕೊಂದು ಟಿಪ್ಪಣಿ. “ಸೋಮವಾರ. ಬೆಳಿಗ್ಗೆ ಹೆಚ್ಚು, ಮಧ್ಯಾಹ್ನ ಸಾಧಾರಣ. ನಾಲ್ಕೂ ಪಾದ. ಆಹಾರ: ಚಪಾತಿ ಎರಡು, ಮಜ್ಜಿಗೆ. ದಯವಿಟ್ಟು ಅವಗಾಹಿಸಬಹುದು.” ಕೆಳಗೆ ನಮ್ಮವರು “ನೋಡಿದೆ” ಎಂದು ಬರೆದು ಸಹಿ ಹಾಕಬೇಕು, ಹಾಕುತ್ತಿದ್ದರು, ಸಾಂಬಾರಿನ ಕಲೆಯ ಸಮೇತ. ಮಿನು ಪ್ರತಿ ಹಾಳೆಯ ಮೂಲೆಯಲ್ಲಿ ನಾಯಿಯ ಮುಖ ಬರೆಯುತ್ತಿದ್ದಳು. ಹೆಚ್ಚು ನೆಕ್ಕಿದ ದಿನ ಅಳುವ ಮುಖ, ಕಡಿಮೆಯಾದರೆ ನಗುವ ಮುಖ. ಅತ್ತೆ ದೂರದಿಂದ ನೋಡಿ, “ಎಂತ ಅದು ದಿನಾ ಬರೆಯುವುದು? ನನ್ನ ಮೇಲೆ ದೂರಾ?” ಎಂದು ಕೇಳಿದರು. ಅಲ್ಲ ಅತ್ತೆ ಎಂದೆ.

ಎರಡು ವಾರ ಅಳುವ ಮುಖಗಳೇ. ಆಮೇಲೆ ಕರೋಲ್ ಬಾಗಿನಲ್ಲಿರುವ ಅತ್ತೆಯ ತಮ್ಮನ ಮನೆಯಲ್ಲಿ ಮದುವೆ ಬಂತು. ಚಕ್ಕುಲಿ, ಲಾಡು ಮಾಡಿಸಲು ಅತ್ತೆ ನಾಲ್ಕು ದಿನ ಅಲ್ಲೇ ಉಳಿದರು. ಅವರು ಹೋದ ದಿನವೇ ನಾನು ನಮ್ಮವರ ಮಾತಿನಂತೆ ಚಪಾತಿ ನಿಲ್ಲಿಸಿ ಅನ್ನ ಶುರು ಮಾಡಿದ್ದೆ. ನಂಬುತ್ತೀರೋ ಇಲ್ಲವೋ, ಮೊದಲ ದಿನವೇ ಸದ್ದು ತಗ್ಗಿತು, ಮೂರನೆಯ ದಿನ ಬೆಳಗಿಡೀ ಇಲ್ಲ. ನಾಲ್ಕು ನಗುವ ಮುಖಗಳು. ಅನ್ನದ ಮಹಿಮೆ ಎಂದು ನಮ್ಮವರು ದನಿ ಎತ್ತರಿಸಿ ಹೋಟೆಲಿನ ಗಿರಾಕಿಗಳಿಗೆಲ್ಲ ಹೇಳಿದರು. ನಾನು ಟಿಪ್ಪಣಿಯಲ್ಲಿ “ಪ್ರಕರಣ ಮುಕ್ತಾಯದ ಹಂತದಲ್ಲಿದೆ” ಎಂದು ಬರೆದೆ.

ಅತ್ತೆ ಮರಳಿದರು. ಅನ್ನ ಮುಂದುವರಿಯಿತು. ಚಪ್ ಚಪ್ ಕೂಡ ಶುರುವಾಯಿತು.

ಊಟದ ಹೊತ್ತಿನಲ್ಲಿ ಮಿನು ಫೈಲನ್ನು ಮಗುಚಿ ಮಗುಚಿ ನೋಡಿ, ಮಕ್ಕಳಿಗೆ ಮಾತ್ರ ಬರುವ ನಿಷ್ಠುರದಲ್ಲಿ ಹೇಳಿದಳು. “ಅಜ್ಜಿ ಇಲ್ಲದಾಗ ಬನ್ಸ್ ನೆಕ್ಕಲೇ ಇಲ್ಲ. ಅಜ್ಜಿ ಬಂದ್ರು, ಫಿರ್ ಸೇ ಶುರು. ಅಜ್ಜಿ ಬೈತಾರೆ ಅಂತ ಅವನಿಗೆ ಟೆನ್ಷನ್.”

ಅತ್ತೆ ಮಜ್ಜಿಗೆ ಅನ್ನ ಕಲಸುತ್ತಿದ್ದವರು ನಿಲ್ಲಿಸಿದರು. “ಹಾಗಾದ್ರೆ ಮಾನೇಸರಿಗೆ ನನ್ನನ್ನೇ ಕಳಿಸಿ” ಎಂದರು. ಊಟದ ಮೇಲೆ ಸಿಟ್ಟು ತೋರಿಸುವವರಲ್ಲ, ತಟ್ಟೆಯಲ್ಲಿದ್ದುದನ್ನು ಪೂರ್ತಿ ಮುಗಿಸಿ, ತಟ್ಟೆ ತೊಳೆದಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಮ್ಮವರು ನನ್ನನ್ನು ನೋಡಿದರು. ನಾನು ಮಿನುವನ್ನು ನೋಡಿದೆ. ಮಿನು ಬನ್ಸ್‌ನನ್ನು ನೋಡಿದಳು. ಅವನು ಎಡಗಾಲು ಮುಗಿಸಿ ಬಲಗಾಲಿಗೆ ಕೈಹಾಕಿದ್ದ.

ಮೊದಲೇ ಮಾಡಬೇಕಾಗಿದ್ದ ಕೆಲಸವನ್ನು ಕೊನೆಗೂ ಮಾಡಿದೆ. ಮರುದಿನ ಅರ್ಧ ದಿನ ರಜೆ ಹಾಕಿ, ಆಟೋದಲ್ಲಿ ಬನ್ಸ್‌ನನ್ನೂ ಫೈಲನ್ನೂ ತೊಡೆಯ ಮೇಲಿಟ್ಟುಕೊಂಡು ನಾಯಿ ಡಾಕ್ಟರ ಬಳಿ ಹೋದೆ. ವಯಸ್ಸಾದ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದರು. ಬನ್ಸ್‌ನ ಪಾದ ಹಿಡಿದು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬೆಳಕಿಗೆ ಹಿಡಿದು ನೋಡಿದರು. ಒಂದೇ ಕಾಲು ಕಚ್ಚಿದರೆ ಮುಳ್ಳೋ ಗಾಜೋ ಉಗುರೋ ಇರಬಹುದು, ನಾಲ್ಕನ್ನೂ ಕಚ್ಚಿದರೆ ಮೈಗೆ ಆಗದ್ದು ಏನೋ ಇದೆ ಎಂದು ಹುಡುಕಬೇಕು ಎಂದರು. ಉಣ್ಣಿ, ಚಿಗಟ ಇವೆಯೇ ಎಂದು ಬಾಚಿ ನೋಡಿದರು. ಇರಲಿಲ್ಲ. ಒಂದು ಪಾದವನ್ನು ಮೂಗಿನ ಹತ್ತಿರ ತಂದಾಗ ನಾನು ನಮ್ಮವರ ದೋಸೆ ಹಿಟ್ಟಿನ ತೀರ್ಪನ್ನು ನಾಚಿಕೊಂಡೇ ಹೇಳಿದೆ. “ನಿಮ್ಮ ಯಜಮಾನರ ಮೂಗು ಸರಿಯಾಗಿದೆ” ಎಂದರು ಡಾಕ್ಟರು. ಸದಾ ಒದ್ದೆಯಾಗಿರುವ ಬೆರಳ ಸಂದಿಯಲ್ಲಿ ಹುದುಗು ಬರಿಸುವಂಥ ಒಂದು ಸೂಕ್ಷ್ಮಜೀವಿ ಬೆಳೆದುಕೊಳ್ಳುತ್ತದಂತೆ. ಎಣ್ಣೆ ಹಚ್ಚಿದ್ದು ಅದಕ್ಕೆ ಹಬ್ಬದೂಟವಾಗಿತ್ತು. ಈ ವಿಷಯವನ್ನು ನಮ್ಮವರಿಗೆ ಹೇಳಿದ ಮೇಲೆ ಒಂದು ತಿಂಗಳು ಮನೆಯಲ್ಲಿ ಅವರನ್ನು ಹಿಡಿಯಲಾಗಲಿಲ್ಲ.

ಆಮೇಲೆ ಫೈಲು ಕೊಟ್ಟೆ. ಡಾಕ್ಟರು ನಗುತ್ತಾರೆಂದುಕೊಂಡಿದ್ದೆ, ನಕ್ಕರು ಕೂಡ. ಆದರೆ ಪ್ರತಿ ಹಾಳೆಯನ್ನೂ ಓದಿಸಿ ಕೇಳಿದರು. ನಾಲ್ಕು ನಗುವ ಮುಖಗಳ ಮೇಲೆ ಬೆರಳಿಟ್ಟರು.

“ಈ ನಾಲ್ಕು ದಿನ ಮನೆಯಲ್ಲಿ ಏನು ಬದಲಾಗಿತ್ತು?”

“ಅನ್ನ ಕೊಟ್ಟೆವು.”

“ಅನ್ನ ಆಮೇಲೂ ಇದೆಯಲ್ಲ.”

“ಅತ್ತೆ ಇರಲಿಲ್ಲ” ಎಂದೆ ಸಣ್ಣ ದನಿಯಲ್ಲಿ.

“ಅತ್ತೆ ದಿನವಿಡೀ ಏನು ಮಾಡುತ್ತಾರೆ?”

“ನೆಲ ತೊಳೆಯುತ್ತಾರೆ.”

ಯಾವುದರಲ್ಲಿ ಎಂದು ಕೇಳಿದರು. ಹೇಳಿದೆ. ಆ ನಾಲ್ಕು ದಿನ ಯಾರು ಒರೆಸಿದರು ಎಂದು ಕೇಳಿದರು. ನಾನು ಎಂದೆ. ಒದ್ದೆ ಬಟ್ಟೆಯನ್ನು ಹಾಲ್‌ ನಡುವೆ ಒಮ್ಮೆ ಎಳೆದಿದ್ದೆ, ಅಷ್ಟೇ. ಸೋಮಾರಿತನದಿಂದ ಒಂದು ಜೀವಕ್ಕೆ ಉಪಕಾರವಾದದ್ದು ನನ್ನ ಬದುಕಿನಲ್ಲಿ ಅದೇ ಮೊದಲು.

ಡಾಕ್ಟರು ಕನ್ನಡಕ ತೆಗೆದರು. “ಆ ನೆಲದ ಮೇಲೆ ಅವನು ಇಡೀ ದಿನ ಬರಿಗಾಲಲ್ಲಿ ನಿಂತಿರುತ್ತಾನೆ. ನೀವು ಚಪ್ಪಲಿ ಹಾಕಿಕೊಳ್ಳಬಹುದು, ಅವನು ಎಲ್ಲಿಂದ ಹಾಕಿಕೊಳ್ಳುತ್ತಾನೆ? ಉರಿಯುತ್ತದೆ, ಅದಕ್ಕೆ ನೆಕ್ಕುತ್ತಾನೆ. ನೆಕ್ಕಿದರೆ ಒದ್ದೆ, ಒದ್ದೆಗೆ ಮತ್ತೆ ತುರಿಕೆ.” ಬರೀ ನೀರಲ್ಲಿ ನೆಲ ಒರೆಸಿ ಎಂದರು. ಹೊರಗಿಂದ ಬಂದಾಗ ಪಾದ ತೊಳೆದು ಬೆರಳ ಸಂದಿಯೆಲ್ಲ ಒಣಗುವ ಹಾಗೆ ಒರೆಸಬೇಕು, ತೊಳೆಯುವುದಕ್ಕಿಂತ ಒರೆಸುವುದೇ ಮುಖ್ಯ ಎಂದರು. ಹಚ್ಚಲು ಅವನಿಗೆಂದೇ ಇರುವ ಔಷಧ ಕೊಟ್ಟು, ಅದು ಒಣಗುವವರೆಗೆ ನೆಕ್ಕದ ಹಾಗೆ ಕೊರಳಿಗೊಂದು ಪ್ಲಾಸ್ಟಿಕ್ಕಿನ ಅಗಲ ಬಾಯಿಯ ಆಲಿಕೆ ಕಟ್ಟಿದರು. ಮನುಷ್ಯರ ಮುಲಾಮು ಹಚ್ಚಕೂಡದು. ಊಟ, ಸೋಪು, ಹಾಸಿಗೆ ಬದಲಿಸುವುದಿದ್ದರೆ ಒಂದು ಸಲಕ್ಕೆ ಒಂದೇ, ಇಲ್ಲದಿದ್ದರೆ ಯಾವುದರಿಂದ ಗುಣವಾಯಿತು ಎಂದು ಯಾರಿಗೂ ತಿಳಿಯುವುದಿಲ್ಲ ಎಂದು ಅನ್ನದ ಬಗ್ಗೆ ನಾನು ಬರೆದ ಟಿಪ್ಪಣಿಯ ಕಡೆ ನೋಡಿ ಹೇಳಿದರು. ಮತ್ತೆ ಇನ್ನೊಂದು ಮಾತು. ಅವನು ನೆಕ್ಕಿದಾಗಲೆಲ್ಲ ನೀವು ಕೂಗಿಕೊಂಡು ಓಡಿಬರುತ್ತೀರಲ್ಲ, ನಿಮ್ಮನ್ನು ಕರೆಯುವ ದಾರಿ ಇದು ಎಂದು ಅವನು ಕಲಿತಿದ್ದಾನೆ ಎಂದರು. ಒಂದು ತಿಂಗಳಿಂದ ಒಂದು ನಾಯಿ ನನ್ನನ್ನು ಗಂಟೆ ಬಾರಿಸಿ ಕರೆಸಿಕೊಳ್ಳುತ್ತಿತ್ತು. ನಮ್ಮ ಆಫೀಸಿನ ನಿರ್ದೇಶಕರಿಗೂ ಅಷ್ಟು ಬೇಗ ನಾನು ಎದ್ದು ಹೋದವಳಲ್ಲ.

ಆಟೋದಲ್ಲಿ ಗೆದ್ದವಳ ಹಾಗೆ ಕೂತಿದ್ದೆ. ಆದರೆ ಮನೆ ಹತ್ತಿರ ಬಂದಂತೆ ಉತ್ಸಾಹ ಇಳಿಯಿತು. ಅತ್ತೆಗೆ ಹೇಳುವುದು ಹೇಗೆ? ನಿಮ್ಮ ಮಡಿಯೇ ರೋಗಕ್ಕೆ ಕಾರಣ ಎನ್ನುವುದೇ? ಮಾತನ್ನು ಹತ್ತು ಥರ ಜೋಡಿಸಿ ನೋಡಿದೆ. ಜೋಡಿಸುವಾಗ ಡಾಕ್ಟರ ಮಾತು ಮತ್ತೆ ತಲೆಯಲ್ಲಿ ಹಾದುಹೋಯಿತು, ಇಡೀ ದಿನ ಬರಿಗಾಲಲ್ಲಿ ನಿಂತಿರುತ್ತಾನೆ. ನಮ್ಮ ಮನೆಯಲ್ಲಿ ಚಪ್ಪಲಿ ಹಾಕದ ಜೀವ ಇನ್ನೊಂದಿದೆಯಲ್ಲ ಎಂದು ಆಗ ಹೊಳೆಯಿತು.

ಅತ್ತೆ ಬಾಲ್ಕನಿಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ನನ್ನ ಕಡೆ ತಿರುಗಲಿಲ್ಲ, ಸಿಟ್ಟಿತ್ತು. ಸೀರೆಯ ಅಂಚಿನ ಕೆಳಗೆ ಒಂದು ಪಾದವನ್ನು ಇನ್ನೊಂದರ ಮೇಲೆ ಉಜ್ಜುತ್ತಿದ್ದರು. ಹಾಗೆ ಉಜ್ಜುವುದನ್ನು ನಾನು ಮದುವೆಯಾಗಿ ಬಂದಂದಿನಿಂದ ನೋಡಿದ್ದೇನೆ. ಅದು ಅವರು ಕೂರುವ ರೀತಿ ಎಂದುಕೊಂಡಿದ್ದೆ. ನಾನು ಅವರ ಮುಂದೆ ನೆಲದ ಮೇಲೆ ಕೂತೆ.

“ಅತ್ತೆ, ಕಾಲು ತೋರಿಸಿ.”

“ಎಂತಕ್ಕೆ? ನಮಸ್ಕಾರ ಮಾಡ್ಲಿಕ್ಕಾ?”

“ತೋರಿಸಿ, ನೋಡೋಣ.”

ನಾನೇ ಹಿಡಿದು ಎಳೆದುಕೊಂಡೆ. ಡಾಕ್ಟರು ಮಾಡಿದ ಹಾಗೆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದೆ. ಸಂದಿಗಳು ಬೆಳ್ಳಗೆ ನೆನೆದು, ಕೆಳಗೆ ಕೆಂಪಗೆ ಬಿರಿದಿದ್ದವು. ಹಿಮ್ಮಡಿಯ ಸೀಳುಗಳಲ್ಲಿ ಎಣ್ಣೆ, ಅರಿಶಿನ. ಬನ್ಸ್ ಪ್ಲಾಸ್ಟಿಕ್ಕಿನ ಆಲಿಕೆಯನ್ನು ಬಾಗಿಲಿಗೆ ಬಡಿಸಿಕೊಳ್ಳುತ್ತ ಬಂದು ಪಕ್ಕದಲ್ಲಿ ನಿಂತ.

“ತುರಿಸ್ತದಾ?”

“ತುರಿಸ್ತದೆ. ಉರಿಯೂ ಉಂಟು.”

“ಯಾವಾಗಿಂದ?”

“ಹೋಟೆಲು ಶುರು ಮಾಡಿದಾಗಿಂದ. ನೀರಲ್ಲಿ ನಿಲ್ಲುವ ಕಾಲು, ಇರ್ತದೆ.”

“ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತಾ ಅತ್ತೆ?”

ಅತ್ತೆ ಸೊಪ್ಪಿನ ಕಡ್ಡಿಯೊಂದನ್ನು ಮುರಿದು ಪಕ್ಕಕ್ಕೆ ಹಾಕಿದರು. “ಯಾರು ಕೇಳಿದ್ರು? ಇವನ ಹಾಗೆ ಹಾಲ್‌ನಲ್ಲಿ ಕೂತು ನೆಕ್ಕಿಕೊಂಡಿದ್ರೆ ನಿಮಗೂ ಗೊತ್ತಾಗ್ತಿತ್ತು ಕಾಣ್ತದೆ” ಎಂದರು.

ಎಂದವರೇ ತಮ್ಮ ಮಾತಿಗೆ ತಾವೇ ನಕ್ಕುಬಿಟ್ಟರು. ಆ ಚಿತ್ರವನ್ನು ಕಣ್ಣಿಗೆ ತಂದುಕೊಂಡರೋ ಏನೋ, ನಗು ನಿಲ್ಲಲಿಲ್ಲ, ಮಡಿಲ ಸೊಪ್ಪೆಲ್ಲ ಚೆಲ್ಲಿತು. ನಾನೂ ನಕ್ಕೆ. ನಗುತ್ತ ನಗುತ್ತ ನನಗೆ ಅಳು ಬಂತು, ಅವರ ಕಾಲು ನನ್ನ ಕೈಯಲ್ಲೇ ಇತ್ತು. ನಾಯಿಗೆ ಹಸಿರು ದಾರದ ಫೈಲು ತೆರೆದ ನಾನು ಈ ಹೆಂಗಸಿಗೆ ಒಂದು ಹಾಳೆಯನ್ನೂ ತೆಗೆದಿರಲಿಲ್ಲ. ನಾಚಿಕೆಯಾಯಿತು. ಅದನ್ನು ಅವರಿಗೆ ಹೇಳಿಯೂ ಹೇಳಿದೆ. “ಸಾಕು, ಸೊಪ್ಪು ಹೆಕ್ಕು” ಎಂದರು.

ಮರುದಿನವೇ ನಮ್ಮವರು ಅವರನ್ನು ಚರ್ಮದ ಡಾಕ್ಟರ ಬಳಿ ಕರೆದುಕೊಂಡು ಹೋದರು. ಆ ಡಾಕ್ಟರು ಹೇಳಿದ್ದು ಹೆಚ್ಚುಕಡಿಮೆ ನಾಯಿ ಡಾಕ್ಟರು ಹೇಳಿದ್ದೇ, ಕೊರಳಿಗೆ ಆಲಿಕೆ ಕಟ್ಟಲಿಲ್ಲ ಅಷ್ಟೇ. ಫಿನಾಯಿಲ್ ಬಿಡಬೇಕು ಎಂದಾಗ ಅತ್ತೆ ಜಗಳಕ್ಕೆ ನಿಲ್ಲುತ್ತಾರೆಂದು ನಾವು ಸಜ್ಜಾಗಿದ್ದೆವು. ಅವರು ಸ್ವಲ್ಪ ಯೋಚಿಸಿ, “ಹೌದಲ್ಲ, ಫಿನಾಯಿಲು ಯಾವ ಶಾಸ್ತ್ರದಲ್ಲಿ ಉಂಟು? ಮಡಿಗೆ ಬಿಸಿನೀರೇ ಸೈ” ಎಂದುಬಿಟ್ಟರು. ನಲವತ್ತು ವರ್ಷದ ಕ್ರಮ ಅಷ್ಟು ಸಲೀಸಾಗಿ ಮುಗಿಯಿತು. ಕರೋಲ್ ಬಾಗಿನ ಹೋಟೆಲಿನಲ್ಲಿ ನೆಲ ತೊಳೆಯುವವರಿಗೆಲ್ಲ ರಬ್ಬರ್ ಬೂಟು ಬಂತು. ನಮ್ಮವರು ತಾವೇ ಹೋಗಿ ಒಬ್ಬೊಬ್ಬರ ಅಳತೆ ಕೇಳಿ ತಂದರು. ಮನೆಯಲ್ಲಿ ಸಂಜೆ ಹಾಲ್‌ನಲ್ಲಿ ಇಬ್ಬರು ರೋಗಿಗಳು ಕೂರುತ್ತಿದ್ದರು, ಮಿನು ಎರಡು ಬೇರೆ ಬೇರೆ ಟವೆಲಿನಲ್ಲಿ ಆರು ಪಾದ ಒರೆಸುತ್ತಿದ್ದಳು. “ಅಜ್ಜಿ, ಬೆರಳು ಅಗಲಿಸಿ. ಬನ್ಸ್, ನೀನು ಸುಮ್ನೆ ಕೂತ್ಕೊ.” ಇಬ್ಬರಿಗೂ ಒಂದೇ ದನಿ.

ನವರಾತ್ರಿಯ ಹೊತ್ತಿಗೆ ಚಪ್ ಚಪ್ ಬಹುಪಾಲು ನಿಂತಿತ್ತು. ಮೊದಲ ದಿನವೇ ಗುಪ್ತಾಜಿ ಫೋನ್ ಮಾಡಿದರು, ಗಾಡಿ ಕಳಿಸಲೇ ಎಂದು. ಅತ್ತೆ ನಮ್ಮವರ ಕೈಯಿಂದ ಫೋನ್ ಕಿತ್ತುಕೊಂಡು ತಮ್ಮ ಹಿಂದಿಯಲ್ಲಿ, “ನಹೀ ಭೇಜೇಗಾ. ಘರ್ ಕಾ ಬಚ್ಚಾ ಹೈ”, ಕಳಿಸುವುದಿಲ್ಲ, ಮನೆಯ ಮಗು ಎಂದು ಹೇಳಿ, ಆ ಕಡೆಯವರ ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟರು.

ಇದೆಲ್ಲವನ್ನೂ ಇವತ್ತು ಸಂಜೆ ರಿತಿಕಾಳ ಮನೆಯ ಸೋಫಾದಲ್ಲಿ ಕೂತು ಹೇಳಿದೆ. ಮುಗಿಸುವಾಗ ಚಹಾ ಎರಡನೆಯ ಸಲ ಬಂದಿತ್ತು. ಆಕೆ ಫೋನಿನಲ್ಲಿ ಟಪಟಪ ಬರೆದುಕೊಳ್ಳುತ್ತಿದ್ದಳು: ಬೆರಳ ಸಂದಿ ನೋಡುವುದು, ತೊಳೆದು ಒಣಗಿಸುವುದು, ನೆಲಕ್ಕೆ ಬರೀ ನೀರು, ಓಡಿಹೋಗಿ ಕೂಗದಿರುವುದು, ಡಾಕ್ಟರನ್ನು ಬೇಗ ಕಾಣುವುದು. ಮೊದಲಾಗಿದ್ದರೆ ನಾನು ಅಷ್ಟಕ್ಕೆ ಎದ್ದು ಬರುತ್ತಿದ್ದೆ, ಉಪದೇಶ ಕೊಟ್ಟ ಸಂತೋಷದಲ್ಲಿ.

“ನಿಮ್ಮ ಮನೆಯಲ್ಲಿ ನೆಲ ಯಾರು ಒರೆಸುವುದು?” ಎಂದು ಕೇಳಿದೆ.

“ದೀದಿ” ಎಂದು ಆಕೆ ಅಡುಗೆಮನೆಯ ಕಡೆ ಕೈ ತೋರಿಸಿದಳು. ಕೆಲಸದ ಹೆಂಗಸೊಬ್ಬಳು ಸೀರೆ ಮೇಲೆ ಸಿಕ್ಕಿಸಿಕೊಂಡು ವೈಪರ್ ಹಿಡಿದು ಬರುತ್ತಿದ್ದಳು, ಬರಿಗಾಲಲ್ಲಿ. ನಾನು ಹಿಂದಿಯಲ್ಲಿ ಕರೆದೆ. “ದೀದಿ, ಒಂದು ನಿಮಿಷ ಬನ್ನಿ, ನಿಮ್ಮ ಕಾಲು ತೋರಿಸ್ತೀರಾ?”

ಆಕೆ ಮೊದಲು ನಕ್ಕು, ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು. ರಿತಿಕಾ ಬರೆಯುವುದನ್ನು ನಿಲ್ಲಿಸಿ ನನ್ನನ್ನೂ ಅವಳನ್ನೂ ನೋಡಿದಳು. ನಾನು ಚಹಾದ ಲೋಟ ಕೆಳಗಿಟ್ಟು, ಸೋಫಾದಿಂದ ಇಳಿದು ನೆಲದ ಮೇಲೆ ಕೂತೆ. ಆಕೆ ವೈಪರನ್ನು ಗೋಡೆಗೆ ಒರಗಿಸಿ, ಗೋಡೆ ಹಿಡಿದುಕೊಂಡು, ಬಲಗಾಲನ್ನು ಮುಂದೆ ಚಾಚಿದಳು.